ಬಿಟ್ಟವನು ಮತ್ತೆ ಜೂಜಿಗೆ ಇಳಿದಾಗ ಮನೆಯವರು ಏನು ಮಾಡಬೇಕು

ತಾನಾಗಿಯೇ ಅಕೌಂಟ್ ಬಂದ್ ಮಾಡಿಸಿಕೊಂಡವರು, ರಮ್ಮಿ ಆ್ಯಪ್‌ನಲ್ಲಿ ತನ್ನನ್ನು ಒಳಗೆ ಬಿಡಬೇಡಿ ಎಂದು ಒತ್ತಿದವರು, ದೇವರ ಮುಂದೆ ಆಣೆ ಇಟ್ಟವರು. ಇವರಲ್ಲಿ ಎಷ್ಟೋ ಮಂದಿ ಮತ್ತೆ ಆಟಕ್ಕೆ ಹೋಗುತ್ತಾರೆ. ಹೋದದ್ದು ಗೊತ್ತಾದ ದಿನ ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಕೂಗಾಟ, ಅಳು, ಫೋನ್ ಕಿತ್ತುಕೊಳ್ಳುವುದು, ಇನ್ನೊಂದು ಆಣೆ, ಕೊನೆಗೆ ಯಾರದೋ ಬಳೆ ಅಡ ಇಟ್ಟು ಸಾಲ ತೀರಿಸುವುದು. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಇವುಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ, ಕೊನೆಯದಂತೂ ನೇರವಾಗಿ ಹಾನಿ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಪಸ್ ಹೋದವನನ್ನು "ಯಾಕೆ ಹೋದೆ" ಎಂದು ಕೇಳುವುದಕ್ಕಿಂತ "ಯಾವ ದಾರಿಯಲ್ಲಿ ಹೋದೆ" ಎಂದು ಕೇಳಿದರೆ ಉಪಯೋಗವಿದೆ. ಮೊದಲನೆಯದಕ್ಕೆ ಅವನ ಹತ್ತಿರ ಉತ್ತರವಿಲ್ಲ, ನಾಚಿಕೆ ಮಾತ್ರ ಇದೆ. ಎರಡನೆಯದಕ್ಕೆ ಉತ್ತರವಿದೆ, ಅದನ್ನು ಹಿಡಿದು ಆ ದಾರಿ ಮುಚ್ಚಬಹುದು. (ಅವನು ಎಂದೇ ಬರೆಯುತ್ತಾ ಹೋಗುತ್ತೇನೆ, ಹೆಂಗಸರೂ ಇದ್ದಾರೆ. ಅವರು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ.)

ಸ್ವಯಂ ನಿರ್ಬಂಧದಿಂದ, ಅಂದರೆ ತನ್ನನ್ನು ಆಟಕ್ಕೆ ಬಿಡಬೇಡಿ ಎಂದು ತಾನೇ ಹೇಳಿ ತಡೆ ಹಾಕಿಸಿಕೊಳ್ಳುವುದರಿಂದ, ಆಗುವ ಕೆಲಸ ಇಷ್ಟು: ಆಡಬೇಕೆನಿಸಿದ ಕ್ಷಣಕ್ಕೂ ದುಡ್ಡು ಹಾಕುವ ಕ್ಷಣಕ್ಕೂ ನಡುವೆ ಸ್ವಲ್ಪ ಹೊತ್ತು ಸಿಗುತ್ತದೆ. ಆಡುವ ತುಡಿತ ಏರಿದ ಹಾಗೆ ಇಳಿಯುತ್ತದೆ ಕೂಡ. ಆ ಹೊತ್ತಿನಲ್ಲಿ ದಾರಿ ಸುಲಭಕ್ಕೆ ಸಿಗದಿದ್ದರೆ ಬಹಳ ಸಲ ಆ ದಿನ ದಾಟಿಬಿಡುತ್ತದೆ. ಆದರೆ ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಕಾಯಿಲೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, 2013ರಲ್ಲೇ ಜೂಜಿನ ಚಟವನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲೂ ಅದು ವ್ಯಸನಗಳ ಗುಂಪಿನಲ್ಲಿದೆ. ಕುಡಿತ ಬಿಟ್ಟವರು ಒಮ್ಮೆ ಎಡವಿದರೆ ಚಿಕಿತ್ಸೆ ವ್ಯರ್ಥವಾಯಿತು ಎಂದು ವೈದ್ಯರು ಫೈಲ್ ಮುಚ್ಚುವುದಿಲ್ಲ. ಇಲ್ಲೂ ಹಾಗೇ ನೋಡಬೇಕು.

ನಮ್ಮ ದೇಶದ ಈಗಿನ ಪರಿಸ್ಥಿತಿ ಸ್ವಲ್ಪ ಬೇರೆ, ಅದನ್ನು ಬಿಡಿಸಿ ಹೇಳಬೇಕು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ, ಮೂರೇ ದಿನದಲ್ಲಿ ಮುಗಿಯಿತು. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಅವನನ್ನು ತೊಂದರೆಗೆ ಒಳಗಾದವನು ಎಂದೇ ನೋಡಲಾಗಿದೆ. ಇದನ್ನು ಮನೆಯವರು ಅವನಿಗೆ ಬಾಯಿಬಿಟ್ಟು ಹೇಳಬೇಕು. ಪೊಲೀಸರಿಗೆ ಹೆದರಿ ವೈದ್ಯರ ಹತ್ತಿರವೂ ಬಾಯಿ ಬಿಡದವರು ಇದ್ದಾರೆ.

ಆ ಕಾಯ್ದೆ ಬೇಕಿತ್ತು. ಆದರೆ ಅದರ ಇನ್ನೊಂದು ಪರಿಣಾಮವನ್ನು ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಸ್ವಯಂ ನಿರ್ಬಂಧ ಪಟ್ಟಿ ಎಂಬುದು ಇರಲೇ ಇಲ್ಲ. ಇದ್ದದ್ದೆಲ್ಲ ಆಯಾ ಆ್ಯಪ್‌ನೊಳಗಿನ ವ್ಯವಸ್ಥೆ. ಆ್ಯಪ್‌ನ ಆಟ ನಿಂತ ಕೂಡಲೇ ಆ ಬೀಗವೂ ಹೋಯಿತು. ಈಗ ವಾಪಸ್ ಹೋಗುವವನು ಹೋಗುವುದು ಹೊರದೇಶದ ಸೈಟಿಗೆ, ಇಲ್ಲವೇ ವಾಟ್ಸಾಪ್, ಟೆಲಿಗ್ರಾಂನಲ್ಲಿ "ಐಡಿ", ಅಂದರೆ ಬೆಟ್ಟಿಂಗ್ ಸೈಟಿನ ಲಾಗಿನ್, ಕೊಡುವವನ ಹತ್ತಿರ. ಅಲ್ಲಿ ಕೆವೈಸಿ ಇಲ್ಲ, ಮಿತಿ ಇಲ್ಲ, ನನ್ನನ್ನು ತಡೆಯಿರಿ ಎಂದು ಹೇಳಿಕೊಳ್ಳಲು ಆ ಕಡೆ ಯಾರೂ ಇಲ್ಲ.

ಅಲ್ಲಿ ದುಡ್ಡು ಓಡಾಡುವ ರೀತಿ ಮನೆಯವರಿಗೆ ಗೊತ್ತಿರಬೇಕು. ಸೈಟಿನಲ್ಲಿ ಒಂದು ಕ್ಯೂಆರ್ ಕೋಡ್ ಅಥವಾ ಯುಪಿಐ ಐಡಿ ಬರುತ್ತದೆ. ಅದು ಕಂಪನಿಯದಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆ, ಆಗಾಗ ಬದಲಾಗುತ್ತಲೇ ಇರುತ್ತದೆ. ದುಡ್ಡು ಹಾಕಿ, ಆ ಪಾವತಿಯ ಗುರುತಾಗಿ ಬಂದ 12 ಅಂಕಿಯ ಯುಟಿಆರ್ ನಂಬರ್ ಟೈಪ್ ಮಾಡಿದರೆ ಪಾಯಿಂಟ್ಸ್ ಏರುತ್ತವೆ. ಗೆದ್ದ ದುಡ್ಡು ಬರುವುದು ಇನ್ಯಾರದೋ ಖಾತೆಯಿಂದ. ಈ ಖಾತೆಗಳಲ್ಲಿ ಸೈಬರ್ ವಂಚನೆಯ ದುಡ್ಡೂ ಓಡಾಡುತ್ತದೆ. ಎಲ್ಲೋ ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ಹಣ ಹರಿದ ಸರಪಳಿಯಲ್ಲಿ ಇರುವ ಖಾತೆಗಳಿಗೆ ತಡೆ ಬೀಳುತ್ತದೆ. ಹೀಗಾಗಿ ಎರಡು ಸಾವಿರ ಗೆದ್ದದ್ದಕ್ಕೆ ಸಂಬಳದ ಖಾತೆಯೇ ಫ್ರೀಜ್ ಆಗಬಹುದು. "ಬ್ಯಾಂಕಿನಲ್ಲಿ ಏನೋ ಪ್ರಾಬ್ಲಂ, ಸಂಬಳ ತೆಗೆಯೋಕಾಗ್ತಿಲ್ಲ" ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಕಾರಣ ಇದೂ ಇರಬಹುದು ಎಂದು ತಿಳಿದಿರಿ.

ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವಾಗ ಸೈಟಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಆರು ತಿಂಗಳ ಪಿಡಿಎಫ್ ತೆಗೆದು, ಗೊತ್ತಿಲ್ಲದ ವ್ಯಕ್ತಿಗಳ ಹೆಸರಿಗೆ ಹೋದ 500, 1000, 2000ದ ಯುಪಿಐ ಸಾಲುಗಳನ್ನು ಗುರುತು ಮಾಡಿ. ಒಂದೇ ದಿನ ಐದಾರು ಸಲ, ಪ್ರತಿ ಸಲ ಬೇರೆ ಹೆಸರು, ಮೊತ್ತ ಮಾತ್ರ ಏರುತ್ತಾ ಹೋಗಿರುತ್ತದೆ. ಯುಪಿಐ ಆ್ಯಪ್‌ನ ಹಿಸ್ಟರಿಯಲ್ಲಿ ಗಂಟೆಯೂ ಸಿಗುತ್ತದೆ: ರಾತ್ರಿ ಹನ್ನೊಂದರ ಮೇಲೆ, ಅಥವಾ ಮ್ಯಾಚ್ ನಡೆಯುವ ಹೊತ್ತು. ಏರುತ್ತಾ ಹೋಗುವ ಆ ಮೊತ್ತ ಕಳೆದದ್ದನ್ನು ಎತ್ತಲು ಹೊರಟ ಲಕ್ಷಣ, ದೊಡ್ಡ ಹೊಡೆತ ಬೀಳುವುದು ಅಲ್ಲೇ. ಮೊದಲ 500 ಹೋದಾಗ "ಹೇಗೂ ಮಾತು ಮುರಿದಾಯ್ತಲ್ಲ, ಇನ್ನೇನು" ಎಂದು ಮನಸ್ಸು ಹೇಳುತ್ತದೆ. ಐನೂರರ ತಪ್ಪು ಐವತ್ತು ಸಾವಿರಕ್ಕೆ ಬೆಳೆಯುವುದು ಆ ಯೋಚನೆಯಿಂದ. ಐನೂರಕ್ಕೇ ಬಂದು ಹೇಳುವಂಥ ವಾತಾವರಣ ಮನೆಯಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ. ಅದಕ್ಕೇ ನನಗೆ ಆಣೆಯ ಬಗ್ಗೆ ಹಿಂಜರಿಕೆ. ದೇವರ ಮೇಲಿನ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಿದರೆ, ಒಮ್ಮೆ ಎಡವಿದವನು ಹೇಳಿಕೊಳ್ಳುವ ಎಲ್ಲ ದಾರಿಯೂ ಮುಚ್ಚಿಹೋಗುತ್ತದೆ. ಮಾತು ಕೊಡಿಸಿಕೊಳ್ಳಲೇಬೇಕಿದ್ದರೆ "ಆಡಿದರೆ 24 ಗಂಟೆಯೊಳಗೆ ಹೇಳ್ತೀನಿ" ಎಂಬ ಮಾತು ಕೊಡಿಸಿಕೊಳ್ಳಿ.

ಗೊತ್ತಾದ ಮೊದಲ ರಾತ್ರಿ ಲೆಕ್ಕ ಕೇಳಬೇಡಿ. ಅವತ್ತು ಹೇಳುವ ಮೊತ್ತ ಪೂರ್ತಿ ಇರುವುದಿಲ್ಲ. ಸಾಲ ಯಾವಾಗಲೂ ಕಂತಿನಲ್ಲೇ ಹೊರಬರುತ್ತದೆ, ಮೊದಲ ಸಲ ಸುಳ್ಳು ಹೇಳಿದ್ದಕ್ಕೆ ಆಮೇಲೆ ಇನ್ನೊಂದು ಜಗಳ. ಅವತ್ತು ಮೊದಲು ನೋಡಬೇಕಾದದ್ದು ಅವನ ಜೀವ. ವಾಪಸ್ ಬಿದ್ದ ನಂತರದ ದಿನಗಳು, ಅದರಲ್ಲೂ ಸಾಲ ಬಯಲಾದ ದಿನ, ಆತ್ಮಹತ್ಯೆಯ ಯೋಚನೆ ಬರುವ ದಿನಗಳು. ಸುತ್ತು ಬಳಸದೆ ಕೇಳಿ. ಅಣ್ಣ ತಮ್ಮನಿಗೆ ಹೀಗೆ ಕೇಳಬಹುದು: "ನೋಡು, ಬೈಯೋಕೆ ಬಂದಿಲ್ಲ. ಒಂದು ಕೇಳ್ತೀನಿ, ನಿಜ ಹೇಳು. ಸಾಯೋಣ ಅನ್ನೋ ಯೋಚನೆ ಏನಾದ್ರೂ ಬಂತೇನೋ?" ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಎಂದರೆ, ಅಥವಾ ಸುಮ್ಮನಾದರೆ, ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿ ಕ್ರಿಮಿನಾಶಕ ಇದ್ದರೆ ಬೇರೆ ಮನೆಗೆ ಸಾಗಿಸಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲು ರಾತ್ರಿ ಎನ್ನದೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಅಪಾಯ ಹತ್ತಿರವಿದೆ ಅನಿಸಿದರೆ ಫೋನಿಗಾಗಿ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾರನೇ ದಿನವೋ ಅದರ ಮಾರನೇ ದಿನವೋ, ಒಂದು ಹಾಳೆ ತೆಗೆದುಕೊಂಡು ಕೂತು ಕೊನೆಯ ಮೂರು ದಿನಗಳನ್ನು ಹಿಂದಿನಿಂದ ಬರೆಸಿ. ಐಡಿ ಯಾವ ನಂಬರಿನಿಂದ ಬಂತು, ಯಾವ ಫೋನ್, ಯಾವ ಖಾತೆ, ಎಷ್ಟು ಗಂಟೆ, ಮನೆಯಲ್ಲಿ ಯಾರಿದ್ದರು, ಕೈಯಲ್ಲಿ ಎಷ್ಟಿತ್ತು, ಅದಕ್ಕೆ ಮುಂಚೆ ಏನು ನಡೆಯಿತು. ಬಹಳ ಹಾಳೆಗಳಲ್ಲಿ ಎದ್ದು ಕಾಣುವ ಒಂದು ಸಂಗತಿ: ಸಂಬಳ ಒಂದನೇ ತಾರೀಕು, ಇಎಂಐ ಐದಕ್ಕೆ. ಆ ನಡುವಿನ ದಿನಗಳಲ್ಲಿ ಖಾತೆಯಲ್ಲಿ ದುಡ್ಡು ಕಾಣುತ್ತಾ ಕೂತಿರುತ್ತದೆ. "ಇದನ್ನೇ ಡಬಲ್ ಮಾಡಿ ಇಎಂಐ ಕಟ್ಟಿಬಿಡೋಣ" ಎಂಬ ಯೋಚನೆ ಹುಟ್ಟುವುದು ಆಗ. ಇದಕ್ಕೆ ಉಪದೇಶ ಬೇಕಿಲ್ಲ. ಇಎಂಐ ತಾರೀಕನ್ನು ಸಂಬಳದ ಮಾರನೇ ದಿನಕ್ಕೆ ಬದಲಿಸಿಕೊಡಿ ಎಂದು ಬ್ಯಾಂಕಿಗೆ ಅರ್ಜಿ ಕೊಡಿ, ಮಿಕ್ಕದ್ದು ಸಂಬಳದ ದಿನವೇ ಮನೆಯವರ ಖಾತೆಗೆ ತಾನಾಗಿ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ.

ದುಡ್ಡಿನ ಕಡೆ ಇನ್ನೂ ಮಾಡಬಹುದು. ಬ್ರಿಟನ್ನಿನಲ್ಲಿ ಬ್ಯಾಂಕುಗಳು ಜೂಜಿನ ಪಾವತಿಯನ್ನೇ ಗುರುತಿಸಿ ತಡೆಯುತ್ತವೆ, ಪ್ರತಿ ಬಗೆಯ ವ್ಯಾಪಾರಕ್ಕೂ ಒಂದು ಕೋಡ್ ಇರುತ್ತದೆ, ಜೂಜಿನದ್ದು 7995. ನಮ್ಮಲ್ಲಿ ದುಡ್ಡು ಹೋಗುವುದು ಯಾರೋ ವ್ಯಕ್ತಿಯ ಯುಪಿಐಗೆ ಆದ್ದರಿಂದ ಆ ಜರಡಿಗೆ ಏನೂ ಸಿಗುವುದಿಲ್ಲ. ಹಾಗಾಗಿ ನಾವು ಮೊತ್ತವನ್ನೇ ಹಿಡಿಯಬೇಕು. ಅವನ ಫೋನಿನಲ್ಲಿ ಸ್ವಂತ ಖಾತೆಯ ಯುಪಿಐ ತೆಗೆಸಿ, ಯುಪಿಐ ಸರ್ಕಲ್ ಹಾಕಿಕೊಡಿ. 2024ರಲ್ಲಿ ಬಂದ ಸೌಲಭ್ಯ ಇದು. ಹೆಂಡತಿಯದೋ ಅಣ್ಣನದೋ ಖಾತೆಯಿಂದ ಅವನು ಪಾವತಿ ಮಾಡಬಹುದು. ಒಂದು ಬಗೆಯಲ್ಲಿ ಪ್ರತಿ ಪಾವತಿಗೂ ಖಾತೆದಾರರು ಒಪ್ಪಿಗೆ ಒತ್ತಬೇಕು. ಇನ್ನೊಂದರಲ್ಲಿ ಒಪ್ಪಿಗೆ ಬೇಡ, ಒಂದು ಸಲಕ್ಕೆ ₹5,000, ತಿಂಗಳಿಗೆ ₹15,000 ಮಿತಿ. ಮೊದಲ ಮೂರು ತಿಂಗಳು ಮೊದಲನೇ ಬಗೆಯೇ ವಾಸಿ. ಉಳಿತಾಯ ಇರುವ ಖಾತೆಯನ್ನು ಇಬ್ಬರ ಹೆಸರಿಗೆ ಮಾಡಿಸಿ, "ಜಾಯಿಂಟ್ಲಿ" ಎಂದು ಬರೆಸಿ. "ಐದರ್ ಆರ್ ಸರ್ವೈವರ್" ಎಂದು ಬರೆಸಿದರೆ ಒಬ್ಬರ ಸಹಿಯೇ ಸಾಕು, ಮಾಡಿಯೂ ಮಾಡದಂತೆ. ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲೇ ಆಫ್ ಮಾಡಬಹುದು, ರಿಸರ್ವ್ ಬ್ಯಾಂಕ್ 2020ರಿಂದ ಇದನ್ನು ಕಡ್ಡಾಯ ಮಾಡಿದೆ. ಆಟೋಪೇ ಪಟ್ಟಿ ತೆಗೆದು ಗೊತ್ತಿಲ್ಲದ್ದನ್ನೆಲ್ಲ ರದ್ದು ಮಾಡಿ.

ಇವೆಲ್ಲ ಅವನು ಒಪ್ಪಿ ಆಗಬೇಕು. ಕಿತ್ತುಕೊಂಡರೆ ಇನ್ನೊಂದು ಸಿಮ್, ಇನ್ನೊಂದು ಖಾತೆ ಬರುತ್ತದೆ. ಏನೇನು, ಎಷ್ಟು ದಿನ, ವಾರಕ್ಕೆ ಕೈಖರ್ಚು ಎಷ್ಟು, ಮತ್ತೆ ಕೂತು ಮಾತಾಡುವ ತಾರೀಕು ಯಾವುದು ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಕಾಯುವ ಕೆಲಸ ಹೆಂಡತಿಗೇ ಬೀಳಬೇಕೆಂದಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅವಳಿಗೆ ಖಂಡಿತ ಬೇಡ. ಅಂಥ ಕಡೆ ಅಣ್ಣ, ಭಾವ, ನಂಬಿಕಸ್ತ ಸ್ನೇಹಿತ ಯಾರಾದರೂ ಆಗಲಿ.

ಫೋನಿನಲ್ಲಿ ಬೆಟ್‌ಬ್ಲಾಕರ್ ಹಾಕಬಹುದು. ಬ್ರಿಟನ್ನಿನ ಒಂದು ಧರ್ಮಾರ್ಥ ಸಂಸ್ಥೆಯ ಆ್ಯಪ್, ಉಚಿತ, 24 ಗಂಟೆಯಿಂದ 5 ವರ್ಷದವರೆಗೆ ಜೂಜಿನ ಸೈಟುಗಳನ್ನು ತಡೆಯುತ್ತದೆ. ಆದರೆ ಹೊರಗಿನ ಸೈಟುಗಳು ವಿಳಾಸ ಬದಲಿಸುತ್ತಲೇ ಇರುತ್ತವೆ, ಆ್ಯಪನ್ನು ಎಪಿಕೆ ಫೈಲ್ ಮಾಡಿ ವಾಟ್ಸಾಪಿನಲ್ಲೇ ಕಳಿಸುತ್ತವೆ. ಹಾಗಾಗಿ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್, ಟೆಲಿಗ್ರಾಂ, ಕ್ರೋಮ್ ಮೂರಕ್ಕೂ ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ತೆಗೆದುಹಾಕಿ. ಐಡಿ ಕೊಟ್ಟ ನಂಬರನ್ನು ಅವನ ಕೈಯಿಂದಲೇ ಬ್ಲಾಕ್ ಮಾಡಿಸಿ. ಮನೆಯ ಬೀರುವಿನಲ್ಲಿ ಬಿದ್ದಿರುವ ಹಳೇ ಫೋನ್ ಮರೆಯಬೇಡಿ, ಬಹಳ ಜನ ವಾಪಸ್ ಹೋಗುವುದು ಅದರಿಂದಲೇ.

ಸಾಲದ ವಿಷಯಕ್ಕೆ ಬಂದರೆ ನನ್ನ ಮಾತು ಕಠಿಣ ಅನಿಸಬಹುದು. ಅವನ ಕೈಗೆ ದುಡ್ಡು ಕೊಡಬೇಡಿ, ಒಂದೇ ಸಲಕ್ಕೆ ಎಲ್ಲ ಸಾಲವನ್ನೂ ತೀರಿಸಬೇಡಿ. ಸಾಲ ತೀರಿದ ವಾರ ತಲೆ ಹಗುರವಾಗುತ್ತದೆ, ಸಾಲ ಕೊಡುವವರ ಮುಂದೆ ಅವನ ಹೆಸರೂ ಚೊಕ್ಕಟವಾಗುತ್ತದೆ. ಮತ್ತೆ ಆಡಲು ಬೇಕಾದದ್ದು ಆ ಎರಡೇ. ಮೊದಲು ಪಟ್ಟಿ ಮಾಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಲೋನ್ ಆ್ಯಪ್‌ಗಳ ಸಾಲ ಸಾಮಾನ್ಯವಾಗಿ ಅದರಲ್ಲಿ ಸಿಗುತ್ತದೆ. ಕೈಸಾಲ, ಮೀಟರ್ ಬಡ್ಡಿ, ಎತ್ತಿದ ಚೀಟಿ, ಆಫೀಸಿನ ಗೆಳೆಯರ ದುಡ್ಡು ಅದರಲ್ಲಿ ಇರುವುದಿಲ್ಲ, ಕೇಳಿಯೇ ಬರೆಯಬೇಕು. ಆಮೇಲೆ ಬಾಡಿಗೆ, ಫೀಸು, ರೇಷನ್ ಮೊದಲು, ಹರಾಜಿಗೆ ಬರುವ ಚಿನ್ನ ಆಮೇಲೆ, ಮಿಕ್ಕವರಿಗೆ ಅವನ ಸಂಬಳದಿಂದಲೇ ಕಂತು. ಕೊಡುವುದನ್ನು ನೇರವಾಗಿ ಸಾಲ ಕೊಟ್ಟವರಿಗೇ ಕೊಡಿ. ವಸೂಲಿಗೆ ಬಂದವರು ಬೆದರಿಸಿದರೆ ಸುಮ್ಮನಿರಬೇಕಿಲ್ಲ, ಕಿರುಸಾಲದ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲೇ ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆ ಮಾಡಿದೆ, ಠಾಣೆಯಲ್ಲಿ ದೂರು ಕೊಡಬಹುದು.

"ಸೈಟಿನಲ್ಲಿ ನನ್ನ ಎಂಬತ್ತು ಸಾವಿರ ಸಿಕ್ಕಿಕೊಂಡಿದೆ, ಇಪ್ಪತ್ನಾಲ್ಕು ಸಾವಿರ ಟ್ಯಾಕ್ಸ್ ಕಟ್ಟಿದರೆ ಬಿಡ್ತಾರೆ" ಎಂದರೆ ನಂಬಬೇಡಿ. ಆನ್‌ಲೈನ್ ಆಟದ ಗೆಲುವಿಗೆ ಶೇ. 30 ತೆರಿಗೆ 2023ರ ಏಪ್ರಿಲ್‌ನಿಂದ ಇದ್ದದ್ದು ನಿಜ, ಆದರೆ ಅದನ್ನು ಗೆದ್ದ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ. ಮೊದಲು ನೀವು ಕಟ್ಟಿ ಎನ್ನುವವರೆಲ್ಲ ಮೋಸಗಾರರು. ಕಳೆದ ದುಡ್ಡು ವಾಪಸ್ ಕೊಡಿಸುತ್ತೇವೆ ಎಂದು ಕಮಿಷನ್ ಕೇಳುವವರೂ ಅಷ್ಟೇ.

ಯುಗಾದಿಯ ಬಗ್ಗೆ ಹೇಳಲೇಬೇಕು. ಹಳೇ ಮೈಸೂರಿನ ಕಡೆ ಹಬ್ಬಕ್ಕೆ ಇಸ್ಪೀಟು ಆಡುವುದು ರೂಢಿ, "ಹಬ್ಬಕ್ಕೊಂದು ಆಟ, ಬಾರೋ" ಎಂದು ಕರೆಯುವವರು ಬೇರೆ ಯಾರೂ ಅಲ್ಲ, ನೆಂಟರೇ. ಐಪಿಎಲ್ ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಆಮೇಲೆ ಎರಡು ತಿಂಗಳು ದಿನಾ ಸಂಜೆ ಮ್ಯಾಚ್. ಒಂಬತ್ತು ತಿಂಗಳು ಬಿಟ್ಟವನು ಮತ್ತೆ ಜಾರುವುದಕ್ಕೆ ಇದಕ್ಕಿಂತ ಸಲೀಸಾದ ಕಾಲ ಇಲ್ಲ. ಯುಗಾದಿಗೆ ಒಂದು ತಿಂಗಳು ಮುಂಚೆಯೇ ಇಬ್ಬರೂ ಸಹಿ ಹಾಕಿದ ಆ ಪುಟದ ಒಪ್ಪಂದವನ್ನು ಮುಂದುವರಿಸಿ, ಹಬ್ಬದ ದಿನ ಎಲ್ಲಿರುವುದು ಎಂದು ತೀರ್ಮಾನಿಸಿ, ಕರೆಯುವ ನೆಂಟರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಮನೆಯಲ್ಲಿ ದುಡ್ಡಿಲ್ಲದ ಇಸ್ಪೀಟೂ ಆ ವರ್ಷ ಬೇಡ.

ಚಿಕಿತ್ಸೆ ದೂರವೇನಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ವಿಭಾಗವಿದೆ, ಫೋನ್ ಮತ್ತು ಆನ್‌ಲೈನ್ ಚಟಕ್ಕೆ ಶಟ್ ಕ್ಲಿನಿಕ್ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮುಖ್ಯ ಚಿಕಿತ್ಸೆ ಮಾತಿನದು: ತುಡಿತ ಬಂದಾಗ ಏನು ಮಾಡುವುದು, ಮುಂದಿನದು ಗೆದ್ದೇ ಗೆಲ್ಲುತ್ತೇನೆ ಎಂಬ ಯೋಚನೆಯನ್ನು ಹೇಗೆ ಹಿಡಿಯುವುದು ಎಂಬ ಅಭ್ಯಾಸ. ಅದೊಂದೇ ಸಾಲದಿದ್ದರೆ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ವೈದ್ಯರು ಯೋಚಿಸಬಹುದು. ಹೋಗುವಾಗ ಆ ಮೂರು ದಿನದ ಹಾಳೆ ತೆಗೆದುಕೊಂಡು ಹೋಗಿ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಇರಲಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಜೂಜಿನ ತುಡಿತ ಹುಟ್ಟಿಸುತ್ತವೆ. ಮಾತ್ರೆ ಶುರುವಾದ ಮೇಲೆ ಆಟ ಮರಳಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅಲ್ಲಿನ ಸ್ವಯಂ ನಿರ್ಬಂಧ ಪಟ್ಟಿಯಾದ ಗ್ಯಾಮ್‌ಸ್ಟಾಪ್‌ಗೆ 2020ರ ಮಾರ್ಚ್ 31ರಿಂದ ಪರವಾನಗಿ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಸೇರಲೇಬೇಕು. 6 ತಿಂಗಳು, 1 ವರ್ಷ, 5 ವರ್ಷ, ಆಯ್ಕೆ ನಿಮ್ಮದು. ಅದು ಹೆಸರು, ಹುಟ್ಟಿದ ತಾರೀಕು, ಇಮೇಲ್, ಪೋಸ್ಟ್‌ಕೋಡ್ ನೋಡಿ ಹಿಡಿಯುತ್ತದೆ. ಮನೆ ಬದಲಿಸಿದವರು ಹೊಸ ವಿಳಾಸ ಸೇರಿಸದಿದ್ದರೆ ಅಲ್ಲೇ ಸಂದು ಬೀಳುತ್ತದೆ. ಬೀದಿಯ ಬೆಟ್ಟಿಂಗ್ ಅಂಗಡಿ, ಕ್ಯಾಸಿನೊಗಳು ಅದರಲ್ಲಿ ಬರುವುದಿಲ್ಲ, ಅವಕ್ಕೆ ಬೇರೆಯೇ ನೋಂದಣಿ. ಜೊತೆಗೆ ಬ್ಯಾಂಕಿನ ಜೂಜು ತಡೆಯನ್ನೂ ಹಾಕಿ. ಸಹಾಯವಾಣಿ 0808 8020 133. ಆಸ್ಟ್ರೇಲಿಯಾದಲ್ಲಿ 2023ರ ಆಗಸ್ಟ್‌ನಿಂದ ಬೆಟ್‌ಸ್ಟಾಪ್ ಎಂಬ ಅಂಥದ್ದೇ ಪಟ್ಟಿ ಇದೆ, 3 ತಿಂಗಳಿಂದ ಜೀವನಪೂರ್ತಿ.

ಅಲ್ಲಿ ಕಲಿಯಬೇಕಾದ ಒಂದು ಅಂಶ ನಮ್ಮ ಬ್ಯಾಂಕುಗಳಿಗೆ ತುರ್ತಾಗಿ ಬೇಕು. ಬ್ರಿಟನ್ನಿನ ಹಲವು ಬ್ಯಾಂಕುಗಳಲ್ಲಿ ಜೂಜಿನ ತಡೆ ತೆಗೆಯಲು ಕೇಳಿದ ಮೇಲೆ 48 ಗಂಟೆಯೋ ಅದಕ್ಕೂ ಹೆಚ್ಚೋ ಕಾಯಬೇಕು. ನಮ್ಮಲ್ಲಿ ಮಿತಿ ಇಳಿಸಿದವನು ರಾತ್ರಿ ಹನ್ನೆರಡಕ್ಕೆ ಒಂದು ಒಟಿಪಿ ಹಾಕಿ ಅದನ್ನೇ ಮತ್ತೆ ಏರಿಸಬಹುದು. ಗ್ರಾಹಕ ತಾನೇ ಕೇಳಿ ಇಳಿಸಿದ ಯುಪಿಐ ಮಿತಿ ಏರಬೇಕಾದರೆ ಮೂರು ದಿನ ಹಿಡಿಯುವಂತೆ ರಿಸರ್ವ್ ಬ್ಯಾಂಕ್ ನಿಯಮ ಮಾಡಬೇಕು. ಹೊಸ ಕಾಯ್ದೆ ಬೇಡ, ಆ್ಯಪ್‌ನಲ್ಲಿ ಒಂದು ಬದಲಾವಣೆ ಸಾಕು.

ಅವನು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಮನೆಯವರು ತಾವೇ ಹೋಗಬಹುದು, 14416ಕ್ಕೆ ತಾವೇ ಫೋನ್ ಮಾಡಬಹುದು. "ನಮ್ಮ ಯಜಮಾನರು ಬೆಟ್ಟಿಂಗ್ ಬಿಟ್ಟಿದ್ರು, ಈಗ ಮತ್ತೆ ಶುರುವಾಗಿದೆ, ನಾನು ಏನು ಮಾಡ್ಲಿ" ಎಂದರೆ ಸಾಕು, ಆ ಕಡೆಯವರು ಮುಂದಿನದು ಕೇಳುತ್ತಾರೆ. ಹೋಗುವ ಮುಂಚೆ ನಿಮ್ಮ ಚಿನ್ನ, ಮನೆಪತ್ರ, ಚೆಕ್‌ಬುಕ್ ಬೇರೆ ಕಡೆ ಇಡಿ, ನಿಮ್ಮ ಯುಪಿಐ ಪಿನ್ ಬದಲಿಸಿ, ಅವನ ಯಾವ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ.